ವೈಮರ್ ಗಣರಾಜ್ಯ ಸರ್ವಾಧಿಕಾರವಾದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ 1919ರಿಂದ 1934ರವರೆಗಿನ ರಾಜಕೀಯದ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಸರಳವಾದವು ಮೊದಲು, ಕಗ್ಗಂಟಿನವು ಆಮೇಲೆ. ಯಾವುದೇ ಒಂದನ್ನು ಬಿಡಿಯಾಗಿ ಓದಿಕೊಳ್ಳಬಹುದು. ಹಿಟ್ಲರನ ಭಾಷಣ, ಬೀದಿಯ ಹೊಡೆದಾಟಗಳ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತಿರುತ್ತದೆ. ಯಾವ ಕಾಗದಕ್ಕೆ ಯಾರು ಸಹಿ ಹಾಕಿದರು ಎಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಗಣರಾಜ್ಯ ಹೆಚ್ಚಾಗಿ ಸತ್ತದ್ದು ಆ ಸಹಿಗಳಿಂದಲೇ ಆದ್ದರಿಂದ ಇಲ್ಲಿ ಒತ್ತು ಅದರ ಮೇಲಿದೆ.

## ಮೊದಲು ಗೊತ್ತಿರಬೇಕಾದ್ದು

ವೈಮರ್ ಅಂದರೆ ದೇಶವಾ, ಊರಾ, ಸರ್ಕಾರವಾ?

ಊರು. 1918ರ ನವೆಂಬರ್ 9ರಂದು ಬರ್ಲಿನ್‌ನಲ್ಲಿ ಗಣರಾಜ್ಯದ ಘೋಷಣೆಯಾಯಿತು. 1919ರ ಜನವರಿ 19ರಂದು ಸಂವಿಧಾನ ಸಭೆಗೆ ಚುನಾವಣೆ ನಡೆದಾಗ ಹೆಂಗಸರೂ ಮತ ಹಾಕಿದರು. ಆದರೆ ಬರ್ಲಿನ್‌ನಲ್ಲಿ ಬಂದೂಕಿನ ಸದ್ದು ನಿಂತಿರಲಿಲ್ಲ. ಹಾಗಾಗಿ ಸಭೆ ಸೇರಿದ್ದು ಕವಿ ಗಯಟೆ ಬದುಕಿ ಬಾಳಿದ ವೈಮರ್ ಪಟ್ಟಣದಲ್ಲಿ. ಅಲ್ಲಿ ಬರೆದ ಸಂವಿಧಾನಕ್ಕೆ ಆಗಸ್ಟ್ 11ರಂದು ಸಹಿ ಬಿತ್ತು. ರಾಜಧಾನಿ ಕೊನೆಯವರೆಗೂ ಬರ್ಲಿನ್ನೇ. ಊರಿನ ಹೆಸರು ಮಾತ್ರ ಕಾಲಕ್ಕೆ ಅಂಟಿಕೊಂಡಿತು.

ಹಿಟ್ಲರ್ ಚುನಾವಣೆ ಗೆದ್ದೇ ಬಂದವನಲ್ಲವೇ?

ಅಲ್ಲ. ಮುಕ್ತ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಎಂದೂ ಬಹುಮತ ಸಿಗಲಿಲ್ಲ. ಸಂಸತ್ತಿನಲ್ಲಿ, ಅಂದರೆ ರೈಖ್‌ಸ್ಟಾಗ್‌ನಲ್ಲಿ, 1928ರಲ್ಲಿ ಅದಕ್ಕೆ ಶೇ. 2.6 ಮತ, 12 ಸ್ಥಾನ. 1930ರಲ್ಲಿ ಶೇ. 18.3 ಮತ, 107 ಸ್ಥಾನ. 1932ರ ಜುಲೈನಲ್ಲಿ ಶೇ. 37ರ ಆಸುಪಾಸು ಮತ, 230 ಸ್ಥಾನ. ಅದೇ ಅದರ ತುದಿ. ಅದೇ ವರ್ಷದ ನವೆಂಬರ್‌ನಲ್ಲಿ 196ಕ್ಕೆ ಇಳಿಯಿತು. ಅಧ್ಯಕ್ಷ ಸ್ಥಾನಕ್ಕೂ ಹಿಟ್ಲರ್ ನಿಂತು ಸೋತ: 1932ರ ಏಪ್ರಿಲ್ 10ರ ಎರಡನೇ ಸುತ್ತಿನಲ್ಲಿ ಹಿಂಡನ್‌ಬರ್ಗ್‌ಗೆ ಶೇ. 53, ಹಿಟ್ಲರನಿಗೆ ಶೇ. 36.8. (ಅವನಿಗೆ ಜರ್ಮನ್ ಪೌರತ್ವ ಸಿಕ್ಕಿದ್ದೇ ಅದಕ್ಕೆ ಆರು ವಾರ ಮೊದಲು. ಬ್ರೌನ್‌ಷ್ವೈಗ್ ರಾಜ್ಯದಲ್ಲಿ ಹೆಸರಿಗೊಂದು ಸರ್ಕಾರಿ ನೌಕರಿ ಕೊಡಿಸಿ ಪೌರನನ್ನಾಗಿ ಮಾಡಿದರು.) 1933ರ ಜನವರಿ 30ರಂದು ಅವನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದದ್ದು ಅಧ್ಯಕ್ಷರ ನೇಮಕದಿಂದ.

ಹಾಗೆಂದು ಅವನಿಗೆ ಜನಬೆಂಬಲವೇ ಇರಲಿಲ್ಲ ಎನ್ನುವುದೂ ಸುಳ್ಳು. ಮೂವರಲ್ಲೊಬ್ಬರ ಮತ, ಅತಿ ದೊಡ್ಡ ಪಕ್ಷ: ಇಷ್ಟಿಲ್ಲದಿದ್ದರೆ ಯಾರೂ ಅವನನ್ನು ಮಾತುಕತೆಗೆ ಕರೆಯುತ್ತಿರಲಿಲ್ಲ.

ಬುಟ್ಟಿ ತುಂಬ ನೋಟು ಕೊಟ್ಟು ಬ್ರೆಡ್ ತರುತ್ತಿದ್ದರಂತೆ. ಆ ಬೆಲೆಯೇರಿಕೆಯಿಂದಲೇ ಹಿಟ್ಲರ್ ಬಂದನಾ?

ಎರಡು ಬೇರೆ ಬೇರೆ ಬಿಕ್ಕಟ್ಟುಗಳನ್ನು ಒಂದಾಗಿಸಿ ಹೇಳುವ ರೂಢಿ ಇದೆ. ನೋಟಿನ ಕಂತೆಯ ಕಾಲ 1923. ಆ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ರೆಂಟನ್‌ಮಾರ್ಕ್ ಎಂಬ ಹೊಸ ನಾಣ್ಯ ತಂದು, ಹಳೆಯ ಒಂದು ಲಕ್ಷ ಕೋಟಿಗೆ ಹೊಸದೊಂದು ಎಂದು ಲೆಕ್ಕ ಕಟ್ಟಿ, ಅದನ್ನು ಅಲ್ಲಿಗೆ ನಿಲ್ಲಿಸಿದರು. 1924ರ ಡಿಸೆಂಬರ್ ಚುನಾವಣೆಯಲ್ಲಿ ನಾಜಿಗಳ ಬಣಕ್ಕೆ ಬಂದದ್ದು ಶೇ. 3.

ನಾಜಿಗಳು ಬೆಳೆದದ್ದು ಇದಕ್ಕೆ ತದ್ವಿರುದ್ಧವಾದ ಕಾಲದಲ್ಲಿ. 1930ರ ನಂತರ ಬೆಲೆ ಇಳಿಯುತ್ತಿತ್ತು, ಸಂಬಳ ಇಳಿಯುತ್ತಿತ್ತು, ಕೆಲಸವೇ ಇರಲಿಲ್ಲ. 1932ರ ಆರಂಭದಲ್ಲಿ ನಿರುದ್ಯೋಗಿಗಳು 60 ಲಕ್ಷ ದಾಟಿದ್ದರು. 1923 ಮಾಡಿದ ಕೆಡುಕು ಬೇರೆ ರೀತಿಯದು. ಉಳಿತಾಯ ಕಳೆದುಕೊಂಡ ಮಧ್ಯಮ ವರ್ಗ ಗಣರಾಜ್ಯವನ್ನು ಮತ್ತೆ ನಂಬಲಿಲ್ಲ. ಮುಂದೆ ಬಂದ ಸರ್ಕಾರಗಳೂ ಖರ್ಚು ಹೆಚ್ಚಿಸಲು ಹೆದರಿದವು. ಬಿಸಿ ಹಾಲು ಕುಡಿದು ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದ ಹಾಗೆ.

ವರ್ಸೇಲ್ಸ್ ಒಪ್ಪಂದವೇ ಕಾರಣ ಅಂತ ಶಾಲೆಯಲ್ಲಿ ಓದಿದ್ದೆವು. ಅದು ತಪ್ಪಾ?

ಅರ್ಧ ಸರಿ. ಒಪ್ಪಂದದ ಅವಮಾನ ಎಲ್ಲ ಬಲಪಂಥೀಯ ಪಕ್ಷಗಳಿಗೂ ಹತ್ತು ವರ್ಷ ಭಾಷಣದ ಸರಕಾಯಿತು. ಆದರೆ 1932ರ ಜುಲೈನಲ್ಲಿ ಲೋಸಾನ್ ಸಮ್ಮೇಳನ ಯುದ್ಧ ಪರಿಹಾರದ ಬಾಕಿಯನ್ನು ಹೆಚ್ಚುಕಡಿಮೆ ಮನ್ನಾ ಮಾಡಿತ್ತು. ಹಿಟ್ಲರ್ ಚಾನ್ಸಲರ್ ಆದದ್ದು ಅದಾಗಿ ಆರು ತಿಂಗಳಿಗೆ.

## ಸಂವಿಧಾನದ ಒಳಗಿನ ಯಂತ್ರ

48ನೇ ವಿಧಿ, 48ನೇ ವಿಧಿ ಅಂತಾರಲ್ಲ, ಅದರಲ್ಲಿ ಅಂಥದ್ದೇನಿತ್ತು?

ಸಾರ್ವಜನಿಕ ಭದ್ರತೆಗೆ ಧಕ್ಕೆಯಾದಾಗ ಅಧ್ಯಕ್ಷ ಅಗತ್ಯ ಕ್ರಮ ಕೈಗೊಳ್ಳಬಹುದು. ಬೇಕಾದರೆ ಸೇನೆ ಬಳಸಬಹುದು. ಏಳು ಮೂಲಭೂತ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬಹುದು. ಇಷ್ಟೇ ಓದಿದರೆ ಭಯವಾಗುತ್ತದೆ. ಆದರೆ ಅದೇ ವಿಧಿಯಲ್ಲಿ ಬೀಗವೂ ಇತ್ತು: ಕೈಗೊಂಡ ಕ್ರಮವನ್ನು ತಕ್ಷಣ ಸಂಸತ್ತಿಗೆ ತಿಳಿಸಬೇಕು, ಸಂಸತ್ತು ಕೇಳಿದರೆ ಹಿಂತೆಗೆದುಕೊಳ್ಳಬೇಕು. ಅದಕ್ಕೆ ಸರಳ ಬಹುಮತ ಸಾಕು.

ತೊಂದರೆ ಇದ್ದದ್ದು ಮೂರು ವಿಧಿಗಳ ಜೋಡಣೆಯಲ್ಲಿ. 25ನೇ ವಿಧಿಯಂತೆ ಅಧ್ಯಕ್ಷ ಸಂಸತ್ತನ್ನು ವಿಸರ್ಜಿಸಬಹುದು, ಅರವತ್ತು ದಿನದೊಳಗೆ ಹೊಸ ಚುನಾವಣೆ. 53ನೇ ವಿಧಿಯಂತೆ ಚಾನ್ಸಲರನ್ನು ನೇಮಿಸುವವನೂ ತೆಗೆಯುವವನೂ ಅವನೇ. ಈಗ ಸೇರಿಸಿ ನೋಡಿ. ತನಗೆ ಬೇಕಾದವನನ್ನು ಚಾನ್ಸಲರ್ ಮಾಡು. ಬಹುಮತವಿಲ್ಲದಿದ್ದರೆ ಸುಗ್ರೀವಾಜ್ಞೆಯಿಂದ ಆಳು. ಸಂಸತ್ತು ಅದನ್ನು ರದ್ದು ಮಾಡಿದರೆ ಸಂಸತ್ತನ್ನೇ ವಿಸರ್ಜಿಸು, ಮನೆಯಲ್ಲಿ ಯಾರೂ ಇಲ್ಲದ ಆ ಎರಡು ತಿಂಗಳಲ್ಲಿ ಅದೇ ಆಜ್ಞೆಯನ್ನು ಮತ್ತೆ ಹೊರಡಿಸು. ಬೀಗ ಬಾಗಿಲಿಗಿತ್ತು, ಬಾಗಿಲನ್ನೇ ಕಿತ್ತಿಡುವ ಅಧಿಕಾರ ಪಕ್ಕದ ವಿಧಿಯಲ್ಲಿತ್ತು. 48ನೇ ವಿಧಿಯ ವಿವರಗಳನ್ನು ಕಾನೂನಿನ ಮೂಲಕ ಗೊತ್ತುಪಡಿಸಬೇಕು ಎಂದು ಸಂವಿಧಾನವೇ ಹೇಳಿತ್ತು. ಆ ಕಾನೂನು ಕೊನೆಗೂ ಆಗಲಿಲ್ಲ.

ಮೊದಲ ಅಧ್ಯಕ್ಷ ಎಬರ್ಟ್ ಕೂಡ ಇದನ್ನು ಬಳಸಿದ್ದನಲ್ಲ?

ಹೌದು, ನೂರಕ್ಕೂ ಹೆಚ್ಚು ಸಲ. ದಂಗೆ ಅಡಗಿಸಲು ಮಾತ್ರವಲ್ಲ, 1923ರಲ್ಲಿ ಆರ್ಥಿಕ ವಿಷಯಗಳಿಗೂ. ಅವನು ಬಳಸಿದ್ದು ಗಣರಾಜ್ಯವನ್ನು ಉಳಿಸಲು, ಮತ್ತು ಕೆಲಸ ಮುಗಿದ ಮೇಲೆ ಅಧಿಕಾರ ಸಂಸತ್ತಿಗೆ ಮರಳುತ್ತಿತ್ತು. ಆದರೂ ಬಜೆಟ್ಟಿನಂಥ ವಿಷಯಕ್ಕೂ ‘ಭದ್ರತೆ’ಯ ವಿಧಿ ನಡೆಯುತ್ತದೆ ಎಂಬ ಪೂರ್ವನಿದರ್ಶನ ಹುಟ್ಟಿದ್ದು ಆಗಲೇ. 1925ರಲ್ಲಿ ಎಬರ್ಟ್ ತೀರಿಕೊಂಡ. ಆ ಕುರ್ಚಿಗೆ ಬಂದವನು ಗಣರಾಜ್ಯವನ್ನು ಮನಸ್ಸಿನಿಂದ ಒಪ್ಪದ 77 ವರ್ಷದ ಮಾಜಿ ಸೇನಾಧಿಪತಿ ಹಿಂಡನ್‌ಬರ್ಗ್.

ಪ್ರಮಾಣಾನುಗುಣ ಚುನಾವಣೆ, ಹತ್ತಾರು ಸಣ್ಣ ಪಕ್ಷಗಳು: ಅದೇ ರೋಗದ ಮೂಲವಲ್ಲವೇ?

ಈ ವಾದಕ್ಕೆ ಸಿಗುವ ಮರ್ಯಾದೆ ಅದರ ಬಲಕ್ಕಿಂತ ಹೆಚ್ಚು. ಪಕ್ಷಕ್ಕೆ ಪ್ರತಿ 60,000 ಮತಕ್ಕೆ ಒಂದು ಸ್ಥಾನ, ಇದು ನಿಯಮ. ಹಾಗಾಗಿ ಸಂಸತ್ತಿನ ಗಾತ್ರವೇ ಪ್ರತಿ ಸಲ ಬದಲಾಗುತ್ತಿತ್ತು: 1928ರಲ್ಲಿ 491, 1933ರಲ್ಲಿ 647. ಪುಡಿ ಪಕ್ಷಗಳು ಕಿರಿಕಿರಿ ಮಾಡಿದ್ದು ನಿಜ. ಆದರೆ ಕುತ್ತಿಗೆ ಹಿಚುಕಿದ್ದು ದೊಡ್ಡ ಪಕ್ಷಗಳು. 1932ರ ಜುಲೈನ 608 ಸ್ಥಾನಗಳಲ್ಲಿ ನಾಜಿಗಳು 230, ಕಮ್ಯುನಿಸ್ಟರು 89, ಒಟ್ಟು 319. ಪರಸ್ಪರ ಕೊಲೆ ಮಾಡುತ್ತಿದ್ದ ಎರಡು ಪಕ್ಷಗಳು ಸೇರಿದರೆ ಯಾವ ಸರ್ಕಾರವನ್ನೂ ಉರುಳಿಸಬಹುದಿತ್ತು, ಆದರೆ ಸರ್ಕಾರ ಕಟ್ಟುವಂತಿರಲಿಲ್ಲ. ನಮ್ಮಲ್ಲಿರುವಂತೆ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿ ಇದ್ದಿದ್ದರೆ ಆ ಜುಲೈನಲ್ಲಿ ನಾಜಿಗಳಿಗೆ ಇನ್ನೂ ಹೆಚ್ಚು ಸ್ಥಾನ ಬರುವ ಸಂಭವವಿತ್ತು.

## 1930ರಿಂದ 1933ರ ಜನವರಿ

ಸಂಸತ್ತು ಕೈಚೆಲ್ಲಿದ್ದು ನಿಖರವಾಗಿ ಯಾವಾಗ?

1930ರ ಮಾರ್ಚ್ 27. ಸಂಸತ್ತಿನ ಬಹುಮತದ ಮೇಲೆ ನಿಂತ ಕೊನೆಯ ಸರ್ಕಾರ, ಸೋಷಿಯಲ್ ಡೆಮಾಕ್ರಾಟ್ ಹರ್ಮನ್ ಮ್ಯೂಲರ್‌ನದು, ಅಂದು ರಾಜೀನಾಮೆ ಕೊಟ್ಟಿತು. ಜಗಳ ಯಾವುದಕ್ಕೆ? ನಿರುದ್ಯೋಗ ವಿಮೆಯ ವಂತಿಗೆಯನ್ನು ಶೇ. 3.5ರಿಂದ 4ಕ್ಕೆ ಏರಿಸಬೇಕೇ ಬೇಡವೇ ಎಂಬುದಕ್ಕೆ. ಅರ್ಧ ಪರ್ಸೆಂಟಿನ ಜಗಳ ಎಂದು ನಗುವವರಿದ್ದಾರೆ. ಆ ಅರ್ಧದ ಹಿಂದೆ ಮಾಲೀಕರ ಪಕ್ಷವೂ ಕಾರ್ಮಿಕ ಸಂಘಗಳ ಪಕ್ಷವೂ ಒಂದೇ ಸಂಪುಟದಲ್ಲಿ ಇನ್ನು ಕೂರಲಾರೆವು ಎಂಬ ತೀರ್ಮಾನವಿತ್ತು. ಅಧ್ಯಕ್ಷನ ಸುತ್ತಲಿನವರು ಬಹುಮತದ ಹಂಗಿಲ್ಲದ ಸರ್ಕಾರಕ್ಕೆ ಅದಕ್ಕೂ ಮೊದಲೇ ಆಳು ಹುಡುಕುತ್ತಿದ್ದರು.

ಸಿಕ್ಕವನು ಬ್ರೂನಿಂಗ್. ಅವನ ಆರ್ಥಿಕ ಮಸೂದೆ ಜುಲೈನಲ್ಲಿ ಬಿದ್ದುಹೋಯಿತು. ಅದನ್ನೇ ಸುಗ್ರೀವಾಜ್ಞೆಯಾಗಿ ತಂದಾಗ ಜುಲೈ 18ರಂದು ಸಂಸತ್ತು 236–222 ಮತಗಳಿಂದ ರದ್ದು ಮಾಡಿತು. ಅಂದೇ ಸಂಸತ್ತು ವಿಸರ್ಜನೆಯಾಯಿತು, ವಾರ ಕಳೆಯುತ್ತಲೇ ಆಜ್ಞೆ ಮತ್ತೆ ಬಂತು. ಇನ್ನೂ ಎರಡು ವರ್ಷ ಆಯಸ್ಸಿದ್ದ ಸಂಸತ್ತು ಅದು. ಈ ಅನಗತ್ಯ ಮಧ್ಯಂತರ ಚುನಾವಣೆಯಲ್ಲೇ ನಾಜಿಗಳು 12ರಿಂದ 107ಕ್ಕೆ ಜಿಗಿದದ್ದು.

ಮುಂದಿನದನ್ನು ಲೆಕ್ಕವೇ ಹೇಳುತ್ತದೆ. 1930ರಲ್ಲಿ ಸಂಸತ್ತು ಮಾಡಿದ ಕಾನೂನು 98, ಸುಗ್ರೀವಾಜ್ಞೆ 5. 1931ರಲ್ಲಿ ಕಾನೂನು 34, ಸುಗ್ರೀವಾಜ್ಞೆ 44. 1932ರಲ್ಲಿ ಕಾನೂನು ಐದೇ ಐದು. ಸುಗ್ರೀವಾಜ್ಞೆ 60ಕ್ಕೆ ಕಡಿಮೆಯಿಲ್ಲ. ಆ ವರ್ಷ ಸಂಸತ್ತು ಸೇರಿದ್ದು ಬರೀ 13 ದಿನ. ಹಿಟ್ಲರ್ ಬಂದು ಮುಚ್ಚುವ ಹೊತ್ತಿಗೆ ಅಂಗಡಿಯಲ್ಲಿ ಸರಕೇ ಉಳಿದಿರಲಿಲ್ಲ.

ಪ್ರಷ್ಯದಲ್ಲಿ ದೊಡ್ಡ ಪೊಲೀಸ್ ಪಡೆ ಇತ್ತಲ್ಲ, ಅವರು ಯಾಕೆ ಎದುರು ನಿಲ್ಲಲಿಲ್ಲ?

ದೇಶದ ಸುಮಾರು ಐದನೇ ಮೂರು ಪಾಲು ನೆಲ, ಜನ ಪ್ರಷ್ಯ ರಾಜ್ಯದಲ್ಲಿದ್ದರು. ಅಲ್ಲಿ ಸೋಷಿಯಲ್ ಡೆಮಾಕ್ರಾಟರ ನೇತೃತ್ವದ ಸರ್ಕಾರವಿತ್ತು. 1932ರ ಜುಲೈ 17ರಂದು ಆಲ್ಟೊನಾದಲ್ಲಿ ನಾಜಿ ಮೆರವಣಿಗೆಯ ವೇಳೆ 18 ಜನ ಸತ್ತರು. ಕಾನೂನು ಸುವ್ಯವಸ್ಥೆ ಕುಸಿದಿದೆ ಎಂಬ ನೆಪ ಹೂಡಿ, ಬ್ರೂನಿಂಗ್ ನಂತರ ಚಾನ್ಸಲರ್ ಆಗಿದ್ದ ಪಾಪೆನ್ ಜುಲೈ 20ರಂದು ಆ ಸರ್ಕಾರವನ್ನು ವಜಾ ಮಾಡಿ ತಾನೇ ಆಡಳಿತಾಧಿಕಾರಿಯಾದ. ಮೆರವಣಿಗೆಗಳ ಹಿಂದಿದ್ದ ಎಸ್‌ಎ, ಅಂದರೆ ನಾಜಿ ಪಕ್ಷದ ಬೀದಿ ಪಡೆಯ ಮೇಲಿನ ನಿಷೇಧವನ್ನು ಒಂದು ತಿಂಗಳ ಹಿಂದೆ ತೆಗೆದುಹಾಕಿದವನೂ ಅವನೇ.

ಎದುರಿಸದಿರಲು ಕಾರಣಗಳಿದ್ದವು. ಏಪ್ರಿಲ್ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡ ಆ ಸರ್ಕಾರ ಉಸ್ತುವಾರಿಯಷ್ಟೇ ಆಗಿತ್ತು. ಬರ್ಲಿನ್ ಸೇನೆಯ ಕೈಗೆ ಹೋಗಿತ್ತು. 1920ರಲ್ಲಿ ಬಲಪಂಥೀಯರ ಕಾಪ್ ದಂಗೆಯನ್ನು ಮುರಿದ ಸಾರ್ವತ್ರಿಕ ಮುಷ್ಕರವನ್ನು ಮತ್ತೆ ಮಾಡೋಣವೆಂದರೆ ಹೊರಗೆ 50 ಲಕ್ಷಕ್ಕೂ ಹೆಚ್ಚು ನಿರುದ್ಯೋಗಿಗಳು ಕಾಯುತ್ತಿದ್ದರು. ಕೆಲಸ ಬಿಟ್ಟವನ ಜಾಗಕ್ಕೆ ಮರುದಿನವೇ ಇನ್ನೊಬ್ಬ. ಅವರು ಕೋರ್ಟಿಗೆ ಹೋದರು. ಅಕ್ಟೋಬರ್ 25ರ ತೀರ್ಪು ಹಳೆಯ ಮಂತ್ರಿಗಳಿಗೆ ಒಂದಿಷ್ಟು ಹಕ್ಕು ಉಳಿಸಿತು, ಪೊಲೀಸ್ ಇಲಾಖೆಯನ್ನು ಪಾಪೆನ್ ಬಳಿಯೇ ಬಿಟ್ಟಿತು. ಮೂರು ತಿಂಗಳ ನಂತರ ಅದು ನಾಜಿ ನಾಯಕ ಗೋರಿಂಗ್‌ಗೆ ಸಿದ್ಧವಾಗಿ ಸಿಕ್ಕಿತು.

ಕೆಂಪು ಫೋಲ್ಡರ್ ಕತೆ ನಿಜವಾ?

ನಿಜ, 1932ರ ಸೆಪ್ಟೆಂಬರ್ 12. ಕಲಾಪ ಶುರುವಾಗುತ್ತಲೇ ಕಮ್ಯುನಿಸ್ಟರು ಕಾರ್ಯಸೂಚಿ ಬದಲಿಸಿ ಪಾಪೆನ್ ಮೇಲೆ ಅವಿಶ್ವಾಸ ಮಂಡಿಸಲು ಕೇಳಿದರು. ಒಬ್ಬೇ ಒಬ್ಬ ಸದಸ್ಯ ಆಕ್ಷೇಪಿಸಿದ್ದರೆ ಸಾಕಿತ್ತು, ಅದು ಅಂದು ಬರುತ್ತಿರಲಿಲ್ಲ. ಯಾರೂ ತುಟಿ ಬಿಚ್ಚಲಿಲ್ಲ. ಪಾಪೆನ್ ವಿಸರ್ಜನೆಯ ಆಜ್ಞೆಯನ್ನು ತಂದೇ ಇರಲಿಲ್ಲ. ಅರ್ಧ ಗಂಟೆಯ ವಿರಾಮದಲ್ಲಿ ಆಳು ಓಡಿಸಿ, ಅಂಥ ಆಜ್ಞೆಗಳನ್ನಿಡುವ ಕೆಂಪು ಫೋಲ್ಡರ್ ತರಿಸಿಕೊಂಡ. ಸಭೆ ಮತ್ತೆ ಸೇರಿದಾಗ ಮಾತಾಡಲು ಎದ್ದ. ಸಭಾಧ್ಯಕ್ಷ ಗೋರಿಂಗ್ ಮುಖ ಆ ಕಡೆ ತಿರುಗಿಸಿ, ಮತದಾನ ಶುರುವಾಗಿದೆ ಎಂದ. ಪಾಪೆನ್ ಕಾಗದವನ್ನು ಅವನ ಮೇಜಿನ ಮೇಲಿಟ್ಟು ಮಂತ್ರಿಗಳೊಂದಿಗೆ ಹೊರನಡೆದ. ಫಲಿತಾಂಶ: ಪಾಪೆನ್ ವಿರುದ್ಧ 512, ಪರವಾಗಿ 42. ವಿಸರ್ಜನೆ ಮೊದಲೇ ಆಗಿತ್ತೆಂದು ಆ ಮತದಾನ ಊರ್ಜಿತವಾಗಲಿಲ್ಲ.

ಆ ಆಜ್ಞೆಯಲ್ಲಿ ಕೊಟ್ಟ ಕಾರಣ ಓದುವಂಥದ್ದು: ಸೆಪ್ಟೆಂಬರ್ 4ರ ಸುಗ್ರೀವಾಜ್ಞೆಯನ್ನು ಸಂಸತ್ತು ರದ್ದು ಮಾಡುವ ‘ಅಪಾಯ’ವಿದೆ. ಸಂಸತ್ತು ತನ್ನ ಕೆಲಸ ಮಾಡಬಹುದೆಂಬುದೇ ಅಪಾಯ!

ಮತ ಇಳಿಯುತ್ತಿದ್ದವನನ್ನು ಕರೆದು ಯಾಕೆ ಕೂರಿಸಿದರು?

ಇಳಿಯುತ್ತಿದ್ದ ಎಂಬುದಕ್ಕೇ. ನವೆಂಬರ್ 6ರ ಚುನಾವಣೆಯಲ್ಲಿ ನಾಜಿಗಳು 20 ಲಕ್ಷ ಮತ ಕಳೆದುಕೊಂಡರು, ಕಮ್ಯುನಿಸ್ಟರು 100 ಸ್ಥಾನಕ್ಕೇರಿದರು. ಸೋತು ಬಾಗಿದವನು ಅಗ್ಗಕ್ಕೆ ಸಿಗುತ್ತಾನೆಂದು ಪಾಪೆನ್ ಎಣಿಸಿದ. ತನ್ನನ್ನು ಇಳಿಸಿ ಚಾನ್ಸಲರ್ ಆದ ಶ್ಲೈಖರ್ ಮೇಲಿನ ಸೇಡೂ ಇತ್ತು. ಜನವರಿ 4ರಂದು ಕೊಲೋನ್‌ನಲ್ಲಿ ಬ್ಯಾಂಕರ್ ಶ್ರೋಡರ್ ಮನೆಯಲ್ಲಿ ಹಿಟ್ಲರ್–ಪಾಪೆನ್ ಭೇಟಿ. 22ರಂದು ಬರ್ಲಿನ್‌ನಲ್ಲಿ ರಿಬೆನ್‌ಟ್ರಾಪ್ ಮನೆಯಲ್ಲಿ ಅಧ್ಯಕ್ಷನ ಮಗನೊಂದಿಗೆ ಮಾತು. 28ರಂದು ಶ್ಲೈಖರ್ ವಿಸರ್ಜನೆ ಕೇಳಿದ. ಪಾಪೆನ್‌ಗೆ ಕೊಟ್ಟದ್ದನ್ನು ಹಿಂಡನ್‌ಬರ್ಗ್ ಇವನಿಗೆ ಕೊಡಲಿಲ್ಲ. 30ರ ಬೆಳಿಗ್ಗೆ ಪ್ರಮಾಣವಚನಕ್ಕೆ ಬಂದು ನಿಂತಾಗಲೂ, ಹೊಸ ಚುನಾವಣೆ ಬೇಡವೆಂದು ಸರ್ಕಾರದ ಪಾಲುದಾರ, ರಾಷ್ಟ್ರವಾದಿ ಪಕ್ಷದ ನಾಯಕ ಹೂಗನ್‌ಬರ್ಗ್ ಪಕ್ಕದ ಕೋಣೆಯಲ್ಲಿ ಹಿಟ್ಲರನ ಜೊತೆ ಜಗಳವಾಡುತ್ತಿದ್ದ. ಅಧ್ಯಕ್ಷರನ್ನು ಕಾಯಿಸುವುದು ಸರಿಯಲ್ಲವೆಂದು ಹೇಳಿ ಅವನನ್ನು ಸುಮ್ಮನಾಗಿಸಿದರು.

## ಜನವರಿ 30ರ ನಂತರ

ಸಂಪುಟದಲ್ಲಿ ಮೂರೇ ನಾಜಿಗಳು. ಅಷ್ಟರಲ್ಲೇ ಎಲ್ಲ ಹೇಗೆ ಕೈವಶವಾಯಿತು?

ಎಣಿಸಬೇಕಾದ್ದು ತಲೆಗಳನ್ನಲ್ಲ, ಖಾತೆಗಳನ್ನು. ಹಿಟ್ಲರ್ ಚಾನ್ಸಲರ್, ಫ್ರಿಕ್ ಗೃಹ ಸಚಿವ. ಗೋರಿಂಗ್ ಖಾತೆಯಿಲ್ಲದ ಮಂತ್ರಿ, ಆದರೆ ಪ್ರಷ್ಯದ ಗೃಹ ಇಲಾಖೆ ಅವನದು. ಫೆಬ್ರವರಿ 4ರ ಸುಗ್ರೀವಾಜ್ಞೆ ಪತ್ರಿಕೆ, ಸಭೆಗಳ ಮೇಲೆ ಕೈ ಹಾಕಿತು. 22ರಂದು ಗೋರಿಂಗ್ ಎಸ್‌ಎ, ಎಸ್‌ಎಸ್ (ಹಿಟ್ಲರನ ಅಂಗರಕ್ಷಕರಾಗಿ ಹುಟ್ಟಿದ ಪಡೆ) ಮತ್ತು ಸ್ಟಾಲ್‌ಹೆಲ್ಮ್ (ಮಾಜಿ ಸೈನಿಕರ ಬಲಪಂಥೀಯ ಸಂಘ) ಇವುಗಳವರನ್ನು ‘ಸಹಾಯಕ ಪೊಲೀಸ’ರನ್ನಾಗಿಸಿದ, ಸುಮಾರು 50,000 ಜನ. ನಿನ್ನೆಯವರೆಗೆ ಬೀದಿಯಲ್ಲಿ ಹೊಡೆಯುತ್ತಿದ್ದವನ ತೋಳಿಗೆ ಬಿಳಿ ಪಟ್ಟಿ ಬಂತು. ಹೊಡೆಸಿಕೊಂಡವನು ದೂರು ಕೊಡಲು ಹೋಗಬೇಕಾದ್ದು ಅವನ ಬಳಿಗೇ.

ರೈಖ್‌ಸ್ಟಾಗ್‌ಗೆ ಬೆಂಕಿ ಹಚ್ಚಿದವರು ನಾಜಿಗಳೇನಾ?

ಫೆಬ್ರವರಿ 27ರ ರಾತ್ರಿ ಕಟ್ಟಡದೊಳಗೆ ಸಿಕ್ಕಿಬಿದ್ದವನು ಡಚ್ ಯುವಕ ಮಾರಿನಸ್ ವಾನ್ ಡರ್ ಲುಬ್ಬೆ. ಅವನೊಬ್ಬನೇ ಹಚ್ಚಿದ ಎನ್ನುವುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಈ ಪತ್ತೇದಾರಿಕೆಯಲ್ಲಿ ಮುಳುಗಿದರೆ ಮರುದಿನದ ಕಾಗದ ಕಣ್ಣಿಗೆ ಬೀಳುವುದಿಲ್ಲ. ಫೆಬ್ರವರಿ 28ರ ಸುಗ್ರೀವಾಜ್ಞೆ 48ನೇ ವಿಧಿಯಲ್ಲಿ ಹೆಸರಿಸಿದ್ದ ಏಳೂ ಹಕ್ಕುಗಳನ್ನು ಒಂದೇ ಏಟಿಗೆ ಅಮಾನತಿನಲ್ಲಿಟ್ಟಿತು: ವ್ಯಕ್ತಿ ಸ್ವಾತಂತ್ರ್ಯ, ಮನೆಯ ರಕ್ಷಣೆ, ಅಂಚೆ-ಫೋನಿನ ಗೋಪ್ಯತೆ, ಅಭಿಪ್ರಾಯ, ಸಭೆ, ಸಂಘ, ಆಸ್ತಿ. ಅವಧಿಯ ಮಿತಿ ಬರೆದಿರಲಿಲ್ಲ. ಬಂಧಿತನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿರಲಿಲ್ಲ. ಎರಡನೇ ಕಲಮು ರಾಜ್ಯಗಳ ಅಧಿಕಾರವನ್ನು ಕೇಂದ್ರ ವಹಿಸಿಕೊಳ್ಳಲು ಬಿಟ್ಟಿತು. ಬವೇರಿಯ ಮಾರ್ಚ್ 9ಕ್ಕೆ ಹೋಯಿತು. ಈ ‘ತಾತ್ಕಾಲಿಕ’ ಆಜ್ಞೆ 1945ರವರೆಗೆ ಜಾರಿಯಲ್ಲಿತ್ತು.

ಎನೇಬ್ಲಿಂಗ್ ಕಾಯ್ದೆಗೆ ಮೂರನೇ ಎರಡರಷ್ಟು ಮತ ಎಲ್ಲಿಂದ ಬಂತು? ಲೆಕ್ಕ ಹೇಳಿ.

ಒಟ್ಟು ಸದಸ್ಯರು 647. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನೂ ಸರ್ಕಾರವೇ ಮಾಡಬಹುದೆನ್ನುವ ಕಾಯ್ದೆಯಾದ್ದರಿಂದ ತಿದ್ದುಪಡಿಯ ನಿಯಮ ಅನ್ವಯ: ಮೂರನೇ ಎರಡರಷ್ಟು ಜನ, ಅಂದರೆ 432 ಮಂದಿ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಮಾರ್ಚ್ 5ರ ಚುನಾವಣೆಯಲ್ಲಿ ನಾಜಿಗಳಿಗೆ 288, ಹೂಗನ್‌ಬರ್ಗ್ ಬಣಕ್ಕೆ 52, ಒಟ್ಟು 340. ಸಾಲದು.

ಮೊದಲು 81 ಕಮ್ಯುನಿಸ್ಟರನ್ನು ಬಂಧಿಸಿದರು ಅಥವಾ ಓಡಿಸಿದರು. 120 ಸೋಷಿಯಲ್ ಡೆಮಾಕ್ರಾಟರಲ್ಲಿ 26 ಮಂದಿ ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಉಳಿದವರು, ಕ್ಯಾಥೊಲಿಕ್ಕರ ಸೆಂಟರ್ ಪಕ್ಷದವರು, ಅದರ ಬವೇರಿಯದ ಸೋದರ ಪಕ್ಷದವರು ಎಲ್ಲರೂ ಎದ್ದು ಹೊರನಡೆದರೆ ಕೋರಂ ಬಿದ್ದುಹೋಗುತ್ತಿತ್ತು. ಅದಕ್ಕೆ ಸದನದ ನಿಯಮವನ್ನೇ ತಿದ್ದಿದರು: ಅನುಮತಿಯಿಲ್ಲದೆ ಗೈರಾದವನೂ ಹಾಜರಿದ್ದಂತೆ ಲೆಕ್ಕ, ಅನುಮತಿ ಕೊಡುವವನು ಗೋರಿಂಗ್.

ಮಾರ್ಚ್ 23ರಂದು ಕ್ರೋಲ್ ಒಪೆರಾ ಭವನದಲ್ಲಿ, ಎಸ್‌ಎ ಸಾಲುಗಳ ನಡುವೆ ಮತದಾನ. ಪರ 444, ವಿರುದ್ಧ 94. ಆ 94 ಅಷ್ಟೂ ಸೋಷಿಯಲ್ ಡೆಮಾಕ್ರಾಟರವು; ಅವರ ನಾಯಕ ಓಟೊ ವೆಲ್ಸ್ ಒಬ್ಬನೇ ವಿರೋಧಿಸಿ ಮಾತಾಡಿದ. ಮತ ಹಾಕಿದ 538 ಜನರಿಗೆ ಬೇಕಿದ್ದದ್ದು 359. ಸೆಂಟರ್ ಮತ್ತು ಬವೇರಿಯ ಪಕ್ಷಗಳ 91 ‘ಹೌದು’ಗಳು ‘ಇಲ್ಲ’ ಆಗಿದ್ದರೆ ಪರ ಮತ 353ಕ್ಕೆ ನಿಲ್ಲುತ್ತಿತ್ತು. ಆರು ಮತ ಕಡಿಮೆ. ಸೆಂಟರ್ ಪಕ್ಷಕ್ಕೆ ಹಿಟ್ಲರನಿಂದ ಲಿಖಿತ ಭರವಸೆ ಬರುತ್ತದೆ ಎಂದಿದ್ದರು. ಮತದಾನ ಮುಗಿದರೂ ಪತ್ರ ಬರಲಿಲ್ಲ. ಜುಲೈ 5ರಂದು ಆ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು.

ಕೋರ್ಟುಗಳು ಏನು ಮಾಡುತ್ತಿದ್ದವು?

ಹೆಚ್ಚಾಗಿ ಬಾಗಿದವು, ಬಾಗದ ಕಡೆ ಪಕ್ಕಕ್ಕೆ ಸರಿಸಲ್ಪಟ್ಟವು. ಬೆಂಕಿ ಹಚ್ಚಿದ್ದಕ್ಕೆ ಮರಣದಂಡನೆ ಇರಲಿಲ್ಲ; ಮಾರ್ಚ್ 29ರಂದು ಹಿಂದಿನ ದಿನಾಂಕಕ್ಕೂ ಅನ್ವಯಿಸುವ ಕಾನೂನು ತಂದು ಲುಬ್ಬೆಯ ತಲೆ ತೆಗೆದರು. ಅದೇ ಮೊಕದ್ದಮೆಯಲ್ಲಿ ಉಳಿದ ನಾಲ್ವರು ಕಮ್ಯುನಿಸ್ಟ್ ಆರೋಪಿಗಳನ್ನು ಸಾಕ್ಷ್ಯವಿಲ್ಲವೆಂದು ಕೋರ್ಟು ಬಿಟ್ಟಿತು. ಮರುವರ್ಷ ಏಪ್ರಿಲ್‌ನಲ್ಲಿ ರಾಜದ್ರೋಹದ ಮೊಕದ್ದಮೆಗಳೆಲ್ಲ ‘ಜನತಾ ನ್ಯಾಯಾಲಯ’ ಎಂಬ ಹೊಸದಕ್ಕೆ ಹೋದವು.

ಹಾಗಾದರೆ ಸರ್ವಾಧಿಕಾರ ಪೂರ್ತಿಯಾದದ್ದು ಯಾವ ದಿನ?

ಒಂದೇ ದಿನ ಹೇಳಲೇಬೇಕೆಂದರೆ 1934ರ ಆಗಸ್ಟ್ 2. ಅಲ್ಲಿಯವರೆಗೆ ಹಿಟ್ಲರನನ್ನು ಕಾನೂನಿನ ಪ್ರಕಾರ ವಜಾ ಮಾಡಬಲ್ಲವನೊಬ್ಬ ಇದ್ದ, ಹಿಂಡನ್‌ಬರ್ಗ್. ಅದಕ್ಕೆ ಮುಂಚೆಯೇ ಕಾರ್ಮಿಕ ಸಂಘಗಳು (1933ರ ಮೇ 2), ಇತರ ಪಕ್ಷಗಳು (ಜುಲೈ 14), ರಾಜ್ಯಗಳ ಶಾಸನಸಭೆಗಳು (1934ರ ಜನವರಿ 30) ಮುಗಿದಿದ್ದವು. ಜೂನ್ 30ರಿಂದ ಹಿಟ್ಲರ್ ಎಸ್‌ಎ ನಾಯಕರನ್ನೂ ವಿರೋಧಿಗಳನ್ನೂ ಕೊಲ್ಲಿಸಿದ್ದನ್ನು ಜುಲೈ 3ರಂದು ಒಂದೇ ವಾಕ್ಯದ ಕಾನೂನಿನಿಂದ ಸಕ್ರಮಗೊಳಿಸಿದರು. ಸತ್ತವರಲ್ಲಿ ಮಾಜಿ ಚಾನ್ಸಲರ್ ಶ್ಲೈಖರ್ ಕೂಡ ಇದ್ದ. ಹಿಂಡನ್‌ಬರ್ಗ್ ತೀರಿಕೊಂಡ ದಿನವೇ, ಆಗಸ್ಟ್ 2ರಂದು, ಸೈನಿಕರು ಹಿಟ್ಲರನ ಹೆಸರು ಹಿಡಿದು ಪ್ರಮಾಣ ಮಾಡಿದರು.

## ಹೋಲಿಕೆಗಳು

ಇದು ಜರ್ಮನಿಯಲ್ಲಿ ಮಾತ್ರ ಆದದ್ದೇ?

ಅಲ್ಲ. ಇಟಲಿ, ಪೋಲೆಂಡ್, ಲಿಥುವೇನಿಯ, ಯುಗೋಸ್ಲಾವಿಯ, ಎಸ್ಟೋನಿಯ, ಲಾಟ್ವಿಯ ಎಲ್ಲವೂ ಆ ಇಪ್ಪತ್ತು ವರ್ಷಗಳಲ್ಲಿ ಜಾರಿದವು. ಅತಿ ವಿಚಿತ್ರವಾದದ್ದು ಆಸ್ಟ್ರಿಯದ್ದು. 1933ರ ಮಾರ್ಚ್ 4ರಂದು ರೈಲ್ವೆ ಮುಷ್ಕರದ ಮೇಲಿನ ಮತದಾನ ತೀರಾ ಬಿಗಿಯಾಗಿತ್ತು. ಸಭಾಧ್ಯಕ್ಷ ಮತ ಹಾಕುವಂತಿಲ್ಲ, ಹಾಗಾಗಿ ಒಂದು ಮತ ಉಳಿಸಿಕೊಳ್ಳಲು ರೆನ್ನರ್ ರಾಜೀನಾಮೆ ಕೊಟ್ಟ. ಅದೇ ಜಟಾಪಟಿಯಲ್ಲಿ ಉಳಿದಿಬ್ಬರು ಉಪಸಭಾಧ್ಯಕ್ಷರೂ ಕೊಟ್ಟರು. ಸಭೆ ಮುಗಿಸುವವರೂ ಇಲ್ಲ, ಮತ್ತೆ ಕರೆಯುವವರೂ ಇಲ್ಲ. ಸಂಸತ್ತು ತನ್ನನ್ನು ತಾನೇ ಇಲ್ಲವಾಗಿಸಿಕೊಂಡಿತು ಎಂದ ಚಾನ್ಸಲರ್ ಡಾಲ್‌ಫುಸ್, 1917ರ ಯುದ್ಧಕಾಲದ ಆರ್ಥಿಕ ಕಾನೂನೊಂದನ್ನು ಹುಡುಕಿ ತೆಗೆದು ಅದರಿಂದಲೇ ಆಳತೊಡಗಿದ. 15ರಂದು ಸದಸ್ಯರು ಮತ್ತೆ ಸೇರಲು ಬಂದಾಗ ಪೊಲೀಸರನ್ನು ಕಳಿಸಿದ.

ನಮ್ಮ ಸಂವಿಧಾನದ ತುರ್ತು ಪರಿಸ್ಥಿತಿ ವೈಮರ್‌ನಿಂದ ಬಂದದ್ದು ಅಂತ ಕೆಎಎಸ್ ಗೈಡುಗಳಲ್ಲಿ ಇರುತ್ತದೆ. ಸರಿಯಾ?

ಒಂದು ಸಾಲಿನ ಉತ್ತರಕ್ಕೆ ಸರಿ: ತುರ್ತಿನಲ್ಲಿ ಮೂಲಭೂತ ಹಕ್ಕುಗಳ ಅಮಾನತು ಎಂಬುದಕ್ಕೆ ವೈಮರ್ ಮಾದರಿ. ಉಳಿದ ಚೌಕಟ್ಟಿನಲ್ಲಿ 1935ರ ಭಾರತ ಸರ್ಕಾರ ಕಾಯ್ದೆಯ ಪಾಲು ದೊಡ್ಡದು. ಈ ಹೋಲಿಕೆ 1949ರಲ್ಲೇ ಸಂವಿಧಾನ ಸಭೆಯಲ್ಲಿ ಎದ್ದಿತ್ತು. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತ್ಯದಿಂದ ಸದಸ್ಯರಾಗಿದ್ದ ಎಚ್.ವಿ. ಕಾಮತ್, ಈ ಅಧ್ಯಾಯಕ್ಕೆ ಹತ್ತಿರದ್ದೆಂದರೆ ಹಿಟ್ಲರ್ ಬಳಸಿಕೊಂಡ ವೈಮರ್ ಸಂವಿಧಾನವೇ ಎಂದು ಎಚ್ಚರಿಸಿದರು. 1975ರ ಅನುಭವದ ನಂತರ 44ನೇ ತಿದ್ದುಪಡಿ ಕೆಲವು ಬೋಲ್ಟ್ ಬಿಗಿಸಿತು: ‘ಆಂತರಿಕ ಗಲಭೆ’ ಎಂಬುದು ‘ಸಶಸ್ತ್ರ ಬಂಡಾಯ’ವಾಯಿತು, 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲ, ಆರಾರು ತಿಂಗಳಿಗೆ ಸಂಸತ್ತಿನ ವಿಶೇಷ ಬಹುಮತ ಬೇಕು.

ವೈಮರ್ ಸಂವಿಧಾನ ರದ್ದಾದದ್ದು ಯಾವತ್ತು?

ನಾಜಿಗಳು ಅದನ್ನು ಔಪಚಾರಿಕವಾಗಿ ರದ್ದು ಮಾಡಲೇ ಇಲ್ಲ; ಬೇಕಾಗಲೂ ಇಲ್ಲ. 1949ರಲ್ಲಿ ಪಶ್ಚಿಮ ಜರ್ಮನಿ ಹೊಸ ಮೂಲ ಕಾನೂನು ಬರೆದಾಗ ಹಳೆಯ ರಂಧ್ರಗಳನ್ನು ಒಂದೊಂದಾಗಿ ಮುಚ್ಚಿದರು. ಉದಾಹರಣೆಗೆ, ಉತ್ತರಾಧಿಕಾರಿಯನ್ನು ಆರಿಸದೆ ಚಾನ್ಸಲರನ್ನು ಅವಿಶ್ವಾಸದಿಂದ ಇಳಿಸುವಂತಿಲ್ಲ. ಆದರೆ ವೈಮರ್‌ನ ಐದು ವಿಧಿಗಳನ್ನು 140ನೇ ವಿಧಿಯ ಮೂಲಕ ಹಾಗೇ ಎತ್ತಿಟ್ಟುಕೊಂಡರು. ಅವು ಇಂದಿಗೂ ಜಾರಿಯಲ್ಲಿವೆ. ಅವುಗಳಲ್ಲೊಂದಾದ 139ನೇ ವಿಧಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಯುತ್ತದೆ. ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟ ಕನ್ನಡಿಗರಿಗೆ ಸೂಪರ್‌ಮಾರ್ಕೆಟ್ಟಿನ ಬಾಗಿಲು ಮುಚ್ಚಿರುವುದು 1919ರ ಆ ಸಾಲಿನ ಬಲದಿಂದ.